ನಮ್ಮ ಮಾತಿಗೆ ಯಾರ ಸರ್ಟಿಫಿಕೇಟು?

ದಿನಾ ಸಂಜೆ ಟಿವಿಯೊಳಗೆ ಒಬ್ಬ ತಜ್ಞ ಕೂತಿರುತ್ತಾನೆ. ಮೈಮೇಲೆ ಕೋಟು, ಬೆನ್ನ ಹಿಂದೆ ನೀಲಿ ಬೆಳಕು, ಆ ಬೆಳಕಿನಲ್ಲಿ ಸೊನ್ನೆ-ಒಂದುಗಳ ಮಳೆ. ಒಟಿಪಿ ಯಾರಿಗೂ ಹೇಳಬೇಡಿ, ಗೊತ್ತಿಲ್ಲದ ಲಿಂಕು ಒತ್ತಬೇಡಿ, ದುಡ್ಡು ಹೋದ ಕೂಡಲೇ 1930ಕ್ಕೆ ಫೋನ್ ಮಾಡಿ ಎಂದು ನಾಡಿಗೆಲ್ಲ ಬುದ್ಧಿ ಹೇಳುತ್ತಾನೆ. ಹೇಳುವುದು ಸುಳ್ಳಲ್ಲ. ನವಲಗುಂದದ ಕೇರಿಗಳಲ್ಲಿ ನಾವೂ ಹಿರಿಯರ ಮುಂದೆ ಕೂತು ಇದನ್ನೇ ಹೇಳುತ್ತೇವೆ. ಆದರೆ ಮಾತು ಮುಗಿಸುವಾಗ ಆತ ಒಂದು ಸೇರಿಸುತ್ತಾನಲ್ಲ, 'ನಮ್ಮ ಜನರಲ್ಲಿ ಅರಿವಿನ ಕೊರತೆ ಇದೆ' ಅಂತ, ಅಲ್ಲಿ ನಮಗೆ ತಡಕೊಳ್ಳಲಿಕ್ಕೆ ಆಗುವುದಿಲ್ಲ.

ಈ ಅರಿವಿನ ಕೊರತೆ ನಮಗೆ ಹಳೆಯ ಪರಿಚಯ. ಕೂಸು ಸತ್ತರೆ ತಾಯಿಗೆ ಅರಿವಿನ ಕೊರತೆ, ಸಾಲ ಏರಿದರೆ ರೈತನಿಗೆ ಅರಿವಿನ ಕೊರತೆ, ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿದರೆ ಇಳಿದವನಿಗೇ ಅರಿವಿನ ಕೊರತೆ. ಇಳಿಸಿದವನಿಗೆ ಯಾವ ಕೊರತೆ ಇತ್ತು ಅಂತ ಯಾರೂ ಕೇಳಲಿಲ್ಲ.

'ಡಿಜಿಟಲ್ ಅರೆಸ್ಟ್' ಅನ್ನುವ ಮೋಸವನ್ನೇ ತಗೊಳ್ರಿ. ಪೊಲೀಸ್ ಡ್ರೆಸ್ಸು ಹಾಕಿಕೊಂಡ ಕಳ್ಳ ವಿಡಿಯೋ ಕಾಲ್ ಮಾಡುತ್ತಾನೆ. ನಿನ್ನ ಹೆಸರಿನ ಮ್ಯಾಲ ಕೇಸ್ ಆಗೇತಿ, ಕ್ಯಾಮೆರಾ ಮುಂದಿಂದ ಏಳಬ್ಯಾಡ, ಮನ್ಯಾಗ ಯಾರಿಗೂ ಹೇಳಬ್ಯಾಡ, ಇಷ್ಟು ರೊಕ್ಕ ಹಾಕಿದರ ಬಿಡ್ತೀವಿ ಅಂತಾನೆ. ಜನ ಹಾಕುತ್ತಾರೆ. 2024ರ ಅಕ್ಟೋಬರ್ 27ರಂದು ಪ್ರಧಾನಿ ತಮ್ಮ 'ಮನ್ ಕಿ ಬಾತ್' ಕಾರ್ಯಕ್ರಮದಲ್ಲಿ ಇದರ ಬಗ್ಗೆಯೇ ಮಾತಾಡಿದರು. ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ ಎಂದರು. ಆವತ್ತು ಅವರು ತೋರಿಸಿದ ವಿಡಿಯೋ ನಮ್ಮ ವಿಜಯಪುರದವರೊಬ್ಬರು ಕಳ್ಳನ ಜೊತೆ ಮಾತಾಡುತ್ತಲೇ ರೆಕಾರ್ಡು ಮಾಡಿಟ್ಟದ್ದು. ಎಲ್ಲರಿಗೂ ಆ ಗಟ್ಟಿತನ ಬರುವುದಿಲ್ಲ. 2025ರಲ್ಲಿ ಬೆಳಗಾವಿ ಜಿಲ್ಲೆಯ ವೃದ್ಧ ದಂಪತಿ ಇಂಥದೇ ಕರೆಗಳ ಕಾಟಕ್ಕೆ ಜೀವ ಕಳಕೊಂಡರು.

ಜನ ಯಾಕೆ ಹೆದರಿದರು? ತಜ್ಞ ಇದಕ್ಕೆ ಮನಶ್ಶಾಸ್ತ್ರದ ಕಾರಣ ಕೊಡುತ್ತಾನೆ. ನಾವು ಹೇಳುವುದು ಬೇರೆ: ಕಳ್ಳನ ನಕಲು ಅಷ್ಟು ಚೊಕ್ಕ ಆಗಿತ್ತು, ಅದಕ್ಕೆ ಹೆದರಿದರು. ಕಾಗದ ತೋರಿಸದೆ ಕೂಡ್ರಿಸುವುದು, ಮನೆಯವರಿಗೆ ತಿಳಿಸದೆ ಇಟ್ಟುಕೊಳ್ಳುವುದು, ಕಡೆಗೆ 'ಏನರ ಮಾಡಿ ಮುಗಿಸ್ಕೊ' ಅನ್ನುವುದು, ಇವನ್ನೆಲ್ಲ ಕಳ್ಳ ಯಾವ ಸಿನಿಮಾ ನೋಡಿ ಕಲಿತ? ಬಂಧಿಸಿದರೆ ಬರವಣಿಗೆಯಲ್ಲಿ ಮೆಮೋ ಮಾಡಬೇಕು, ಬಂಧುಗಳಿಗೆ ತಿಳಿಸಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿತು. ಆ ಮಾತು ಈ ನಾಡಿನ ಠಾಣೆಗಳಲ್ಲಿ ದಿನಾ ನಡೆದುಬಂದಿದ್ದರೆ, ಫೋನಿನೊಳಗಿನ ಖಾಕಿಗೆ ನಮ್ಮ ಅಜ್ಜಿಯೇ ಕೇಳುತ್ತಿದ್ದಳು: 'ಯಪ್ಪಾ, ಮೆಮೋ ಎಲ್ಲೈತಿ?' ಕಳ್ಳ ಬಂಡವಾಳ ಮಾಡಿಕೊಂಡದ್ದು ನಮ್ಮ ದಡ್ಡತನವನ್ನಲ್ಲ. ನೂರೈವತ್ತು ವರ್ಷ ನಮಗೆ ಕಲಿಸಿದ ವಿಧೇಯತೆಯನ್ನು.

ನೂರೈವತ್ತು ಅಂದದ್ದು ಬಾಯಿಗೆ ಬಂದ ಲೆಕ್ಕವಲ್ಲ. ಸ್ಟುಡಿಯೋದಲ್ಲಿ ಕೂತವರು ಕಣ್ಗಾವಲಿನ ತಂತ್ರಜ್ಞಾನ ನಿನ್ನೆ ಮೊನ್ನೆ ಕ್ಯಾಲಿಫೋರ್ನಿಯಾದಿಂದಲೋ ಚೀನಾದಿಂದಲೋ ಹಡಗು ಹತ್ತಿ ಬಂದ ಹಾಗೆ ಮಾತಾಡುತ್ತಾರೆ. ಅದು ಹುಟ್ಟಿದ್ದು ಈ ಮಣ್ಣಿನಲ್ಲಿ, ಪ್ರಯೋಗವಾದದ್ದು ನಮ್ಮಂಥವರ ಮೈಮೇಲೆ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷಲ್ ಎಂಬ ಬ್ರಿಟಿಷ್ ಅಧಿಕಾರಿ ಒಬ್ಬ ಗುತ್ತಿಗೆದಾರನ ಅಂಗೈಗೆ ಮಸಿ ಹಚ್ಚಿ ಕರಾರುಪತ್ರದ ಮೇಲೆ ಒತ್ತಿಸಿಕೊಂಡ. ಮಾತಿಗೆ ತಪ್ಪಬಾರದು ಎಂಬುದಕ್ಕೆ. ನೇಟಿವನ ಮಾತು ನಂಬಲಿಕ್ಕಾಗದು, ಅವನ ಚರ್ಮವನ್ನು ನಂಬಬಹುದು ಅನ್ನುವ ಸಿದ್ಧಾಂತ ಅಲ್ಲಿಂದ ಶುರು. 1897ರಲ್ಲಿ ಕಲ್ಕತ್ತಾದಲ್ಲಿ ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ತೆರೆಯಿತು. ಲಕ್ಷ ಬೆರಳಚ್ಚುಗಳೊಳಗೆ ಒಂದನ್ನು ಹುಡುಕುವ ವರ್ಗೀಕರಣದ ಲೆಕ್ಕಾಚಾರದಲ್ಲಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್‌ಸ್ಪೆಕ್ಟರುಗಳು. ಆ ಪದ್ಧತಿಗೆ ಜಗತ್ತು ಇಟ್ಟ ಹೆಸರು ಅವರ ಮೇಲಧಿಕಾರಿಯದು: 'ಹೆನ್ರಿ ಪದ್ಧತಿ'. ತಜ್ಞ ಅನ್ನಿಸಿಕೊಳ್ಳುವವನು ಯಾರು, ದುಡಿಯುವವನು ಯಾರು ಅನ್ನುವುದು ಆಗಲೇ ತೀರ್ಮಾನವಾಗಿತ್ತು.

ನವಲಗುಂದದಿಂದ ಬಸ್ಸು ಹತ್ತಿದರೆ ಹುಬ್ಬಳ್ಳಿ. ಹುಬ್ಬಳ್ಳಿಯಲ್ಲಿ ಇವತ್ತಿಗೂ ಒಂದು ಜಾಗಕ್ಕೆ 'ಸೆಟ್ಲಮೆಂಟು' ಅಂತಾರ. ಆಟೋದವನಿಗೆ ಅಷ್ಟು ಹೇಳಿದರೆ ಸಾಕು, ಬಿಡ್ತಾನ. ಏನದು ಸೆಟ್ಲಮೆಂಟು? 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ, ಅದನ್ನು ದೇಶಕ್ಕೆಲ್ಲ ಹಬ್ಬಿಸಿದ 1911ರ ಕಾಯ್ದೆ, ಇವುಗಳ ಕೆಳಗೆ ಮುಂಬಯಿ ಸರ್ಕಾರ ನಮ್ಮ ಸೀಮೆಯ ಎಷ್ಟೋ ಸಮುದಾಯಗಳನ್ನು ಹುಟ್ಟುಗಳ್ಳರು ಎಂದು ಬರೆದುಕೊಂಡು ಬೇಲಿಯೊಳಗೆ ಹಾಕಿದ ಜಾಗ. ಗದಗ-ಬೆಟಗೇರಿಯಲ್ಲೂ ಇತ್ತು, ವಿಜಯಪುರದಲ್ಲೂ ಇತ್ತು. ಹಾಜರಿ ಕೊಡಬೇಕು, ಪಾಸು ಇಲ್ಲದೆ ಹೊರಗೆ ಹೋಗಬಾರದು, ಬೆರಳಚ್ಚು ಕೊಡಬೇಕು. ಕಳವು ಮಾಡಿದ್ದಕ್ಕಲ್ಲ, ಹುಟ್ಟಿದ್ದಕ್ಕೆ. ಗಂಟಿಚೋರ ಎಂಬ ಒಂದು ಸಮುದಾಯದ ಹೆಸರಿನೊಳಗೇ ಚೋರ ಕೂತಿದ್ದಾನೆ. ಆ ಹೆಸರು ಹೊತ್ತ ಹುಡುಗ ಶಾಲೆಯಲ್ಲಿ ಎದ್ದು ನಿಂತು ತನ್ನ ಜಾತಿ ಹೇಳಬೇಕು. ಹೇಳಿದ ಮೇಲೆ ಯಾರದಾದರೂ ಪೆನ್ನು ಕಳೆದರೆ ಮೇಷ್ಟ್ರು ಮೊದಲು ನೋಡುವುದು ಯಾರ ಚೀಲ? ಇಂದಿನ ಕಂಪ್ಯೂಟರು ಮುಖ ನೋಡಿ 'ಇವನು ಅನುಮಾನಾಸ್ಪದ' ಅನ್ನುತ್ತದಂತೆ. ಮೇಷ್ಟ್ರ ಕಣ್ಣು ಇದನ್ನು ಕರೆಂಟಿಲ್ಲದೆ ಮಾಡುತ್ತಿತ್ತು.

1952ರಲ್ಲಿ ಆ ಕಾಯ್ದೆ ರದ್ದಾಯಿತು. ಆದರೆ ಅದರ ಹಿಂದೆಯೇ 'ರೂಢಿಗತ ಅಪರಾಧಿಗಳ' ಕಾಯ್ದೆಗಳು ಬಂದವು, ನಮ್ಮ ರಾಜ್ಯದ್ದು 1961ರದು. ಬೇಲಿ ಕಿತ್ತರು, ಪುಸ್ತಕ ಉಳಿಯಿತು. ಅದೇ ಪುಸ್ತಕಕ್ಕೆ ಠಾಣೆಯಲ್ಲಿ ರೌಡಿ ಶೀಟು, ಹಿಸ್ಟರಿ ಶೀಟು ಎಂದು ಹೆಸರು. 2024ರ ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಇದನ್ನು ಬಾಯಿ ಬಿಟ್ಟು ಹೇಳಿತು: ಹಿಂದುಳಿದ, ದಲಿತ, ವಿಮುಕ್ತ ಜಾತಿಗಳ ಮುಗ್ಧರ ಹೆಸರು ಬರೀ ಜಾತಿಯ ಪೂರ್ವಗ್ರಹದಿಂದ ಪೊಲೀಸರ ಪುಸ್ತಕ ಸೇರುತ್ತಿರುವ ಬಗ್ಗೆ ರಾಜ್ಯಗಳು ಎಚ್ಚರ ವಹಿಸಬೇಕೆಂದು. ಅದೇ ವರ್ಷ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ಹಾಕಿದ ಪ್ರಕರಣದಲ್ಲಿ ಜೈಲಿನೊಳಗಿನ ಜಾತಿಯ ಕೆಲಸಗಳನ್ನು ಅಸಾಂವಿಧಾನಿಕ ಎಂದಿತು. ಜೈಲಿನೊಳಗೂ ಕಸಬರಿಗೆ ನಮ್ಮ ಕೈಗೇ ಬರುತ್ತಿತ್ತು. ಅದು ತಪ್ಪು ಎಂದು ಬರೆಯಲು ಗಣರಾಜ್ಯಕ್ಕೆ ಎಪ್ಪತ್ತನಾಲ್ಕು ವರ್ಷ ಹಿಡಿಯಿತು.

ಈ ಪುಸ್ತಕ ಈಗ ಕಂಪ್ಯೂಟರಿಗೆ ಏರಿದೆ. 2022ರ ಹೊಸ ಗುರುತು ಕಾಯ್ದೆ ಬೆರಳಚ್ಚಿನ ಜೊತೆ ಕಣ್ಣಿನ ಪಾಪೆ, ಅಂಗೈ, ಕೈಬರಹವನ್ನೂ ತೆಗೆಯಬಹುದು ಅನ್ನುತ್ತದೆ, 75 ವರ್ಷ ಇಡಬಹುದು ಅನ್ನುತ್ತದೆ. ಖುಲಾಸೆಯಾದವರದನ್ನು ಅಳಿಸಬೇಕು ಎಂದೂ ಅದರಲ್ಲಿದೆ. ಅಳಿಸಿದ್ದಾರೋ ಇಲ್ಲವೋ ಅಂತ ಕೇಳಿಕೊಂಡು ಹೋಗುವ ಧೈರ್ಯ ನಮ್ಮ ಕೇರಿಯಲ್ಲಿ ಯಾರಿಗಿದೆ, ಹೇಳ್ರಿ. ಯಂತ್ರಕ್ಕೆ ಜಾತಿ ಇಲ್ಲ ಅಂತಾರ ತಜ್ಞರು. ಇರಬಹುದು. ಆದರೆ ಯಂತ್ರ ಓದಿ ಬೆಳೆದದ್ದು ಯಾವ ಪುಸ್ತಕ?

ಹಾಜರಿಯ ಕತೆಯೂ ಮುಗಿದಿಲ್ಲ. ನಾಗಪುರದಲ್ಲಿ, ಚಂಡೀಗಡದಲ್ಲಿ ಪೌರಕಾರ್ಮಿಕರ ಮುಂಗೈಗೆ ಜಿಪಿಎಸ್ ಗಡಿಯಾರ ಕಟ್ಟಿದರು. ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು, ಎಲ್ಲವೂ ಆಫೀಸಿನ ಪರದೆಯ ಮೇಲೆ. ಅಲ್ಲಿನ ಹೆಣ್ಣುಮಕ್ಕಳು ಬಯಲಿಗೆ ಹೋಗುವಾಗಲೂ ಅದು ಕೈಯಲ್ಲೇ. ನಾಗಪುರ ಬಾಬಾಸಾಹೇಬರು ಧಮ್ಮದೀಕ್ಷೆ ತಗೊಂಡ ಊರು ಅನ್ನುವುದನ್ನು ಇಲ್ಲಿ ನೆನಸಬಾರದು, ಆದರೂ ನೆನಪಾಗುತ್ತದೆ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೆಲಸದಲ್ಲಿ ದಿನಕ್ಕೆ ಎರಡು ಸಲ ಕೂಲಿಯವರ ಫೋಟೋ ಆ್ಯಪಿಗೆ ಏರಿಸುವುದು ಕಡ್ಡಾಯವಾಯಿತು. ನೆಟ್‌ವರ್ಕ್ ಇಲ್ಲದ ಎರಿಹೊಲದಲ್ಲಿ ನಿಂತವರ ಕೂಲಿ ಬಿತ್ತು. ಹಾಗಾದರೆ ಕಳ್ಳತನ ನಿಂತಿತೇ? 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯೇ ಸುತ್ತೋಲೆ ಹೊರಡಿಸಿ, ಫೋಟೋದ ಫೋಟೋ ತೆಗೆದು ಏರಿಸುತ್ತಿದ್ದಾರೆ, ಸಂಬಂಧವಿಲ್ಲದ ಚಿತ್ರ ಹಾಕುತ್ತಿದ್ದಾರೆ ಎಂದು ಒಪ್ಪಿಕೊಂಡಿತು. ಕದಿಯುವ ಗುತ್ತಿಗೆದಾರ ಯಂತ್ರಕ್ಕೆ ಯಂತ್ರದಿಂದಲೇ ಉತ್ತರ ಕೊಟ್ಟ. ಯಂತ್ರದ ಮುಂದೆ ಪ್ರಾಮಾಣಿಕವಾಗಿ ನಿಂತವಳು ಬಿಸಿಲಿನಲ್ಲಿ ನಿಂತೇ ಇದ್ದಳು.

ನಮ್ಮ ಅಜ್ಜಂದಿರು ಹೆಬ್ಬಟ್ಟು ಒತ್ತಿದರು. ನಾವು, ಕೇರಿಯಿಂದ ಧಾರವಾಡದ ಬಸ್ಸು ಹತ್ತಿ ಡಿಗ್ರಿ ಮಾಡಿದ ಮೊದಲ ತಲೆಮಾರು, ಸಹಿ ಕಲಿತೆವು. ಹೆಬ್ಬಟ್ಟಿನಿಂದ ಸಹಿಗೆ ಬರುವುದು ಸಣ್ಣ ದಾರಿಯಲ್ಲ, ಅದರೊಳಗೆ ಅವ್ವನ ಎಷ್ಟು ಸುಗ್ಗಿ ಹೋಗಿವೆಯೋ. ಈಗ ರೇಷನ್ ಅಂಗಡಿಯಲ್ಲಿ ಸಹಿ ನಡೆಯುವುದಿಲ್ಲ. ಪದವೀಧರನೂ ಹೆಬ್ಬಟ್ಟೇ ಒತ್ತಬೇಕು. ಮೆಣಸಿನಕಾಯಿ ಬಿಡಿಸಿ, ಹತ್ತಿ ಬಿಡಿಸಿ, ಉಳ್ಳಾಗಡ್ಡಿ ಕಿತ್ತು ಗೆರೆ ಸವೆದ ಬೆರಳನ್ನು ಮಷೀನು ಗುರುತಿಸುವುದಿಲ್ಲ. 'ಕೈ ತೊಳಕೊಂಡು ಬಾ' ಅಂತಾನ ಅಂಗಡಿಯವ. ದುಡಿಮೆ ಅಳಿಸಿದ ಗೆರೆ ನೀರಿನಿಂದ ಬರತೈತೇನು?

ಇಲ್ಲಿ ಒಂದು ಮಾತು. ಬೆಂಗಳೂರಿನ ಬುದ್ಧಿಜೀವಿಗಳು ಕಣ್ಗಾವಲಿನ ಬಗ್ಗೆ ಮಾತಾಡುವಾಗ 'ಖಾಸಗಿತನ' ಅಂತಾರೆ. ಅದನ್ನು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಸಾರಿದ್ದು 2017ರ ಆಗಸ್ಟ್ 24ರಂದು, ಅದಕ್ಕೆ ಕಾರಣರಾದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರಿಗೆ ನಮಸ್ಕಾರ. ಆದರೆ ಒಂದೇ ಖೋಲಿಯಲ್ಲಿ ಏಳು ಜನ ಮಲಗುವ ಮನೆಯಿಂದ ಬಂದ ನಮಗೆ ಆ ಶಬ್ದದ ಅರ್ಥ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ಗೊತ್ತಾಗುತ್ತದೆ. ಅಡ್ಡಹೆಸರು ಕೇಳ್ತಾರ, ಊರು ಕೇಳ್ತಾರ, ಊರಾಗ ಯಾವ ಓಣಿ ಅಂತ ಕೇಳ್ತಾರ. ನಮ್ಮ ಖಾಸಗಿತನ ಅಂದರೆ ಜಾತಿ ಹೇಳದೆ ಒಂದು ಬಾಗಿಲು ತೆರೆಸುವ ಹಕ್ಕು. ಹಾಗಂತ ನಮ್ಮನ್ನು ಎಣಿಸಲೇಬಾರದು ಅನ್ನುವವರೂ ನಾವಲ್ಲ. ಒಳಮೀಸಲಾತಿಗಾಗಿ 2025ರಲ್ಲಿ ನಾಗಮೋಹನ ದಾಸ್ ಆಯೋಗ ಮೊಬೈಲು ಹಿಡಿದು ಮನೆಮನೆಗೆ ಬಂದಾಗ, ಬರ್ರಿ, ಬರಕೊಳ್ರಿ ಅಂತ ಕರೆದವರು ನಾವೇ. ಪಾಲು ಕೊಡಲಿಕ್ಕೆ ಎಣಿಸುವವನೂ ಕಾಯಲಿಕ್ಕೆ ಎಣಿಸುವವನೂ ಒಂದೇ ಮಷೀನು ಹಿಡಿದು ಬಂದರೆ, ಬಾಗಿಲಲ್ಲಿ ನಿಂತವಳು ಇಬ್ಬರನ್ನೂ ಹೇಗೆ ಬೇರೆ ಮಾಡಬೇಕು?

ದೊಡ್ಡವರ ಫೋನು ಕದ್ದು ಕೇಳಿದರೆ ಸರ್ಕಾರ ಬೀಳುತ್ತದೆ. 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಪದವಿ ಬಿಟ್ಟದ್ದು ಈ ಕಾರಣಕ್ಕೆ. ಆವತ್ತು ಕೇರಿಯಲ್ಲಿ ಫೋನೇ ಇರಲಿಲ್ಲ, ನಮ್ಮ ಮಾತು ಕೇಳಲಿಕ್ಕೆ ಕದಿಯುವ ಅಗತ್ಯವೂ ಇರಲಿಲ್ಲ. ಚಾವಡಿ ಮುಂದೆ ನಿಲ್ಲಿಸಿ ಕೇಳುತ್ತಿದ್ದರು. 2021ರಲ್ಲಿ ಪೆಗಾಸಸ್ ಗೂಢಚಾರ ತಂತ್ರಾಂಶದ ಗುರಿಯಾಗಿದ್ದಿರಬಹುದಾದ ಫೋನುಗಳ ಪಟ್ಟಿ ಹೊರಬಂತು. ಅದರಲ್ಲಿ 2019ರಲ್ಲಿ ನಮ್ಮ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ್ ಅವರ ನಂಬರೂ ಇತ್ತು. ದಲಿತ ಉಪಮುಖ್ಯಮಂತ್ರಿಯ ಗತಿಯೇ ಇದಾದರೆ ನಮ್ಮದೇನು ಅಂತ ಮರುಗಲಿಕ್ಕೆ ಇದನ್ನು ಹೇಳುತ್ತಿಲ್ಲ. ಅವರೇ ಗೃಹಮಂತ್ರಿಯಾಗಿದ್ದ 2016ರಲ್ಲಿ ನಮ್ಮ ತಾಲೂಕಿನಲ್ಲಿ ನಡೆದದ್ದಕ್ಕೆ ಬರಬೇಕಾಗಿದೆ, ಅದಕ್ಕೆ.

2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ನೀರಿಗಾಗಿ ಕರ್ನಾಟಕ ಹಾಕಿದ್ದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ನವಲಗುಂದ ಸಿಡಿಯಿತು. ಸರ್ಕಾರಿ ಕಚೇರಿಗಳಿಗೆ ಹಾನಿಯಾಯಿತು. ಆಮೇಲೆ ಪೊಲೀಸರು ಯಮನೂರಿಗೆ ನುಗ್ಗಿದರು. ಮನೆಯೊಳಗಿನಿಂದ ಎಳೆದು ಹೊಡೆದರು, ಮುದುಕರು, ಹೆಂಗಸರು ಅನ್ನಲಿಲ್ಲ. ಲಾಠಿ ಜಾತಿ ಕೇಳದ ಅಪರೂಪದ ದಿನ ಅದು. ಮೊದಲಿಗೆ ಏನಾಯಿತು, ನೆನಪಿರಲಿ. ಊರ ಹೆಂಗಸರು ಅಳುತ್ತ ಹೇಳಿದಾಗ ಅದು ಬರೀ 'ಆರೋಪ' ಆಗಿತ್ತು. ಹೊಡೆಯುವ ದೃಶ್ಯಗಳು ಟಿವಿಯ ಮೇಲೆ ಬಂದ ಮೇಲೆ ಅದು 'ಘಟನೆ' ಆಯಿತು. ಆಮೇಲೆ ತನಿಖೆ, ಅಮಾನತು, ಮಂತ್ರಿಗಳ ಭೇಟಿ. ಬೆನ್ನ ಮೇಲಿನ ಬಾಸುಂಡೆ ಮೊದಲೂ ಅದೇ ಇತ್ತು, ಆಮೇಲೂ ಅದೇ ಇತ್ತು.

ನಾವು ಕುಣಿದಾಡಿದೆವು. ಇನ್ನು ಮೊಬೈಲು ಇದೆ, ಇನ್ನು ಯಾರೂ ಸುಳ್ಳು ಅನ್ನಲಿಕ್ಕೆ ಆಗುವುದಿಲ್ಲ ಅಂದೆವು. ಆ ಸಂತೋಷ ಸುಳ್ಳಲ್ಲ. 1980ರ ಜುಲೈ 21ರಂದು ಇದೇ ನವಲಗುಂದದಲ್ಲಿ, ನರಗುಂದದಲ್ಲಿ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿದಾಗ ಜನರ ಕೈಯಲ್ಲಿ ಈ ಕಣ್ಣು ಇರಲಿಲ್ಲ. ಆದರೂ ಒಂದು ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತದೆ. ಯಮನೂರಿನ ತಾಯಿಯ ಮಾತಿಗೆ ಇಲ್ಲದ ಬೆಲೆ ಒಂದು ನಿಮಿಷದ ವಿಡಿಯೋಕ್ಕೆ ಯಾಕೆ ಬಂತು? ಯಂತ್ರವನ್ನು ನಂಬಿದವರು ನಮ್ಮನ್ನು ನಂಬಿದರು ಅಂತ ಆಯಿತೇ? ಅಥವಾ ನಮ್ಮನ್ನು ನಂಬದೆಯೂ ನ್ಯಾಯ ಕೊಡಲಿಕ್ಕೆ ಅವರಿಗೊಂದು ದಾರಿ ಸಿಕ್ಕಿತೇ?

ಸಾಕ್ಷಿಗೆ ಈ ನಾಡಿನಲ್ಲಿ ಯಾವತ್ತೂ ಜಾತಿ ಇತ್ತು. ಮನುಸ್ಮೃತಿಯ ಎಂಟನೇ ಅಧ್ಯಾಯ ತೆಗೆದು ನೋಡ್ರಿ. ದ್ವಿಜರಿಗೆ ದ್ವಿಜರು, ಶೂದ್ರರಿಗೆ ಶೂದ್ರರು, ಅಂತ್ಯಜರಿಗೆ ಅಂತ್ಯಜರು ಸಾಕ್ಷಿ ಹೇಳಬೇಕು ಎಂದಿದೆ. ಬ್ರಾಹ್ಮಣ ಸಾಕ್ಷಿಗೆ 'ಹೇಳು' ಅಂದರೆ ಸಾಕಂತೆ. ಶೂದ್ರನನ್ನು ಮಾತ್ರ ಎಲ್ಲ ಪಾತಕಗಳ ಹೆದರಿಕೆ ಹಾಕಿ ಕೇಳಬೇಕಂತೆ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರು ಆ ಪುಸ್ತಕಕ್ಕೆ ಬೆಂಕಿ ಇಟ್ಟರು. ಕೋರ್ಟಿನ ಕಟಕಟೆ ಅಷ್ಟು ಬೇಗ ಉರಿಯುವ ಕಟ್ಟಿಗೆಯದಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿದರು, 2006ರಲ್ಲಿ ಎಲ್ಲರೂ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ತಿರುಗುವುದು ಅಂದರೆ ಏನು? ಸುಟ್ಟವರ ಹೊಲದಲ್ಲೇ ನಾಳೆ ಕೂಲಿಗೆ ಹೋಗಬೇಕಾದವನು ಕಂಡದ್ದನ್ನು ಕಾಣಲಿಲ್ಲ ಅನ್ನುವುದು. ಮರಕುಂಬಿಯವರು ತಿರುಗಲಿಲ್ಲ. 2014ರ ಆಗಸ್ಟಿನಲ್ಲಿ ಗುಡಿಸಲು ಸುಟ್ಟದ್ದಕ್ಕೆ ಹತ್ತು ವರ್ಷ ನಿಂತು ಹೇಳಿದರು, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಕೊಟ್ಟಿತು. ಮುಂದಿನ ತಿಂಗಳೇ ಅವರಲ್ಲಿ ಬಹುತೇಕರಿಗೆ ಧಾರವಾಡ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು, ಅದು ಬೇರೆ ಮಾತು. ಹತ್ತು ವರ್ಷ ಹೇಳಿದ್ದನ್ನೇ ಹೇಳುತ್ತ ನಿಂತ ಆ ಮನುಷ್ಯರ ಬಗ್ಗೆ ಯಾವ ಸ್ಟುಡಿಯೋ ಎಷ್ಟು ಸಂಜೆ ಕೊಟ್ಟಿತು?

ಆದ್ದರಿಂದ ಕ್ಯಾಮೆರಾ ಹೆದರದ ಸಾಕ್ಷಿ, ಕೂಲಿಗೆ ಹೋಗದ ಸಾಕ್ಷಿ ಅಂತ ನಾವು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಸಾಕ್ಷಿಯೂ ಒಬ್ಬನೇ ಕೋರ್ಟಿನೊಳಗೆ ಹೋಗುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮು ಸರ್ಟಿಫಿಕೇಟು ಕೇಳುತ್ತಿತ್ತು. ಅದು ಇರಲೇಬೇಕು ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2020ರಲ್ಲಿ ಗಟ್ಟಿ ಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಸರ್ಟಿಫಿಕೇಟಿಗೆ ಎರಡು ಭಾಗ. 'ಎ' ಭಾಗವನ್ನು ಸಾಕ್ಷ್ಯ ತಂದವರು ತುಂಬಬೇಕು, 'ಬಿ' ಭಾಗವನ್ನು ತಜ್ಞ ತುಂಬಬೇಕು. ಜೊತೆಗೆ 'ಹ್ಯಾಶ್' ಬರೆಯಬೇಕು. ಹ್ಯಾಶ್ ಅಂದರೆ ಕಡತದ ಹೆಬ್ಬಟ್ಟು: ವಿಡಿಯೋದಲ್ಲಿ ಒಂದು ಚುಕ್ಕೆ ಬದಲಾದರೂ ಆ ಅಂಕಿ ಪೂರ್ತಿ ಬದಲಾಗುತ್ತದೆ. ಒಳ್ಳೆಯ ವಿದ್ಯೆ. ಸುಳ್ಳು ಸಾಕ್ಷಿಯಿಂದ ಉಳಿಯಬೇಕಾದವರಲ್ಲಿ ನಾವೇ ಮೊದಲಿಗರು, ಹಾಗಾಗಿ ಈ ಬಿಗಿ ಬ್ಯಾಡ ಅನ್ನುವುದಿಲ್ಲ. ಆದರೆ ಲೆಕ್ಕ ಹಾಕ್ರಿ. ಮೊದಲು ನಮ್ಮ ಮಾತಿಗೆ ಊರ ಗೌಡನ ಸಾಕ್ಷಿ ಬೇಕಿತ್ತು. ಆಮೇಲೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕಾಯಿತು. ಈಗ ನಾವೇ ತೆಗೆದ ವಿಡಿಯೋಕ್ಕೆ ತಜ್ಞನ 'ಬಿ' ಭಾಗ ಬೇಕು. ಹೊಡೆತ ತಿಂದವ ನವಲಗುಂದದಲ್ಲಿ ಇದ್ದಾನೆ. ತಜ್ಞ ಎಲ್ಲಿದ್ದಾನೆ? ಅವನ ಫೀಸೆಷ್ಟು?

ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿ 28ರಂದು ಕೇಂದ್ರ ಗೃಹಮಂತ್ರಿ ಅಡಿಗಲ್ಲು ಹಾಕಿದರು. ಅಲ್ಲಿಂದ ತಜ್ಞರು ಹೊರಬರುತ್ತಾರೆ. ನಮ್ಮ ಕೇರಿಗಳಿಂದ ಎಷ್ಟು ಜನ ಒಳಗೆ ಹೋಗುತ್ತಾರೆ ಅನ್ನುವುದನ್ನು ಗೇಟಿನ ಕ್ಯಾಮೆರಾ ಎಣಿಸಲಿ.

ತಜ್ಞ ದೇವರಲ್ಲ. ಇದನ್ನು ಕನ್ನಡನಾಡು ಕಂಡಿದೆ. ಒಂದು ಕಾಲಕ್ಕೆ ದೇಶದ ದೊಡ್ಡ ದೊಡ್ಡ ಕೇಸುಗಳಲ್ಲಿ ಆರೋಪಿಗಳನ್ನು ಬೆಂಗಳೂರಿಗೆ ತಂದು ಮಂಪರಿನ ಇಂಜೆಕ್ಷನ್ ಕೊಟ್ಟು 'ಸತ್ಯ' ಹೊರಡಿಸುತ್ತಿದ್ದರು. ಆ ಅರೆಮಂಪರಿನ ತೊದಲು ಟಿವಿಯಲ್ಲಿ ಬರುತ್ತಿತ್ತು, ಅದನ್ನು ವಿಜ್ಞಾನ ಅಂತ ಕರೆದರು. ಆ ಪರೀಕ್ಷೆಗಳಿಗೆ ಹೆಸರಾದ ಪರಿಣಿತರನ್ನೇ 2009ರಲ್ಲಿ ನೌಕರಿಗೆ ಸುಳ್ಳು ದಾಖಲೆ ಕೊಟ್ಟ ಆರೋಪದ ಮೇಲೆ ರಾಜ್ಯ ಸರ್ಕಾರ ಕೆಲಸದಿಂದ ತೆಗೆಯಿತು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಕೂಡದು ಎಂದಿತು. ಮನುಷ್ಯನ ಮನಸ್ಸಿನೊಳಗೆ ಕೈ ಹಾಕಿ ಸಾಕ್ಷ್ಯ ಕೀಳಬಾರದು ಎಂಬ ಆ ತೀರ್ಪನ್ನು ಕೊಟ್ಟ ಪೀಠದ ಮುಖ್ಯಸ್ಥರು ಕೆ.ಜಿ. ಬಾಲಕೃಷ್ಣನ್, ದೇಶದ ಮೊದಲ ದಲಿತ ಮುಖ್ಯ ನ್ಯಾಯಮೂರ್ತಿ. ಹನ್ನೊಂದು ವರ್ಷದ ಮೇಲೆ, 2021ರಲ್ಲಿ, ಫೋನಿನ ಪಾಸ್‌ವರ್ಡು ಕೊಡುವುದು ಬೆರಳಚ್ಚು ಕೊಟ್ಟ ಹಾಗೆಯೇ ಎಂದು ನಮ್ಮ ಹೈಕೋರ್ಟು ಹೇಳಿತು. ಇವತ್ತಿನ ಮನುಷ್ಯ ಮನಸ್ಸನ್ನು ಇಟ್ಟಿರುವುದು ತಲೆಯಲ್ಲೋ ಫೋನಿನಲ್ಲೋ? ಅರ್ಧ ಬರೆದ ಕವಿತೆ, ಬೇರೆ ಜಾತಿಯ ಗೆಳತಿಗೆ ಬರೆದ ಮಾತು, ಮೀಟಿಂಗಿನ ತಾರೀಖು, ಎಲ್ಲ ಅದರೊಳಗೇ ಐತಿ. ಅದು ಬರೀ ಬೆರಳಚ್ಚೇ?

ಅದರೊಳಗೆ ಇಲ್ಲದ್ದನ್ನು ಒಳಗೆ ಇಡಬಹುದು, ಅದು ಇನ್ನೂ ಘೋರ. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪಿನಲ್ಲಿ ಸಿಕ್ಕ ಪತ್ರಗಳೇ ದೊಡ್ಡ ಸಾಕ್ಷ್ಯ. 2021ರ ಫೆಬ್ರವರಿಯಲ್ಲಿ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಎಂಬ ಸಂಸ್ಥೆ ಆ ಯಂತ್ರದ ಪ್ರತಿಯನ್ನು ಪರೀಕ್ಷಿಸಿ, ಒಬ್ಬ ದಾಳಿಕೋರ 22 ತಿಂಗಳು ಅದರೊಳಗೆ ಕೂತು ಆ ಪತ್ರಗಳನ್ನು ಇಟ್ಟು ಹೋಗಿದ್ದಾನೆ ಎಂದು ವರದಿ ಕೊಟ್ಟಿತು. ತನಿಖಾ ಸಂಸ್ಥೆ ಅದನ್ನು ಒಪ್ಪಲಿಲ್ಲ. ಇದೇ ಪ್ರಕರಣದಲ್ಲಿ ಆನಂದ ತೇಲ್ತುಂಬ್ಡೆಯವರು 2020ರ ಏಪ್ರಿಲ್ 14ರಂದು, ಅಂಬೇಡ್ಕರ್ ಜಯಂತಿಯ ದಿನ, ತಾವೇ ಹೋಗಿ ಶರಣಾದರು. ಹಿಂದೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದ್ದ ಸ್ಟ್ಯಾನ್ ಸ್ವಾಮಿ 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ವಿಚಾರಣೆಯೇ ಶುರುವಾಗದೆ ಬಂಧನದಲ್ಲೇ ತೀರಿಹೋದರು. ಅವರ ಕಂಪ್ಯೂಟರಿನಲ್ಲೂ ಕಡತಗಳನ್ನು ಇಡಲಾಗಿತ್ತು ಎಂಬ ಆರ್ಸೆನಲ್ ವರದಿ ಬಂದದ್ದು 2022ರಲ್ಲಿ. ಸತ್ತವನಿಗೆ ತಜ್ಞನ ವರದಿ ಯಾವ ಜಾಮೀನು ಕೊಡುತ್ತದೆ?

ಕ್ಯಾಮೆರಾ ನಮ್ಮ ಕೈಗೆ ಬಂದ ಕೂಡಲೇ ತಜ್ಞರು ಇನ್ನೊಂದು ಮಾತು ತೆಗೆದಿದ್ದಾರೆ: ಕಂಡದ್ದೆಲ್ಲ ನಿಜವಲ್ಲ, ಈಗ ಕೃತಕ ಬುದ್ಧಿಮತ್ತೆಯಿಂದ ಯಾರ ಮುಖವನ್ನಾದರೂ ಮಾಡಬಹುದು. ನಿಜವೇ. ಆದರೆ ಇದರ ಲಾಭ ಯಾರಿಗೆ ಅಂತ ನೋಡ್ರಿ. ನಾಳೆ ಕೇರಿಯ ಹುಡುಗ ಹೊಡೆತದ ವಿಡಿಯೋ ತಂದರೆ 'ಅದು ಡೀಪ್‌ಫೇಕ್' ಅನ್ನಲಿಕ್ಕೆ ಒಂದು ಶಬ್ದ ಸಾಕು. ಬಾಯಿಮಾತು ಹೇಳಿದಾಗ ಸಾಕ್ಷಿ ಎಲ್ಲಿ ಅಂದರು. ಸಾಕ್ಷಿ ತಂದಾಗ ಸಾಕ್ಷಿಯೇ ಸುಳ್ಳು ಇರಬಹುದು ಅಂತಾರ.

ಇನ್ನು ಕಾನೂನು ನಮಗೆ ಕೊಡುತ್ತೇನೆಂದು ಬರೆದುಕೊಟ್ಟ ಕ್ಯಾಮೆರಾಗಳು. ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿಯ 15ಎ(10) ಕಲಮು, ಈ ಕಾಯ್ದೆಯ ಎಲ್ಲ ನಡಾವಳಿಯನ್ನೂ ವಿಡಿಯೋ ಮಾಡಬೇಕು ಅನ್ನುತ್ತದೆ. ಎಷ್ಟು ಕೋರ್ಟಿನಲ್ಲಿ ಆ ಕೆಂಪು ದೀಪ ಉರಿಯುತ್ತದೆ, ವಕೀಲ ಗೆಳೆಯರು ಹೇಳಲಿ. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪ್ರತಿ ಪೊಲೀಸ್ ಠಾಣೆಯ ಬಾಗಿಲು, ಲಾಕಪ್ಪು, ಪಡಸಾಲೆ ಎಲ್ಲ ಕಡೆ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಇಡಬೇಕು ಎಂದಿತು. ಐದು ತಿಂಗಳ ಮೇಲೆ, 2021ರ ಮೇ ತಿಂಗಳಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ ಒಬ್ಬ ದಲಿತ ಯುವಕ ನೀರು ಕೇಳಿದಾಗ ಮೂತ್ರ ಕುಡಿಸಿದರೆಂದು ದೂರಿದ. ಸಬ್ ಇನ್‌ಸ್ಪೆಕ್ಟರರ ಬಂಧನವಾಗಲು ಸೆಪ್ಟೆಂಬರು ಬಂತು. ಬೆಂಗಳೂರಿನ ಬೀದಿಗಳನ್ನು ಕಾಯಲಿಕ್ಕೆ ಸೇಫ್ ಸಿಟಿ ಯೋಜನೆಯಲ್ಲಿ ಸಾವಿರಾರು ಕ್ಯಾಮೆರಾ ಏರಿದವು. ಬೀದಿ ನೋಡುವ ಕಣ್ಣಿಗೆ ದುಡ್ಡು ಬೇಗ ಬರುತ್ತದೆ, ಲಾಕಪ್ಪು ನೋಡುವ ಕಣ್ಣಿಗೆ ಕೋರ್ಟು ಆಜ್ಞೆ ಮಾಡಬೇಕು.

ಹಾಗಾದರೆ ಯಂತ್ರ ಬಿಸಾಡಬೇಕೇ? ಇಲ್ಲ. ಬಾಯಿ ಇಲ್ಲದವರಿಗೆ ಸಿಕ್ಕ ಆಯುಧವನ್ನು ಶುದ್ಧ ತತ್ವಕ್ಕಾಗಿ ಕೆಳಗಿಡು ಅಂತ ಹೇಳುವವನು ನಮ್ಮ ಗೆಳೆಯನಲ್ಲ. ಆದರೆ ಯಂತ್ರ ನಮ್ಮ ಬಾಯಿಯ ಜಾಗಕ್ಕೆ ಬರಬಾರದು. ನವಲಗುಂದದಲ್ಲಿ 1980ರ ಹುತಾತ್ಮರ ವೀರಗಲ್ಲಿದೆ. ಪ್ರತಿ ಜುಲೈ 21ಕ್ಕೆ ಜನ ಅಲ್ಲಿಗೆ ಹೋಗುತ್ತಾರೆ. ಆವತ್ತು ಗುಂಡು ಹಾರಿದ್ದಕ್ಕೆ ಆ ಜನರ ಹತ್ತಿರ ಹ್ಯಾಶ್ ಇಲ್ಲ, 'ಬಿ' ಭಾಗ ಇಲ್ಲ. ಕಂಡ ಮುದುಕರು ಹೇಳುತ್ತಾರೆ, ಕೇಳಿದ ಹುಡುಗರು ನೆನಪಿಡುತ್ತಾರೆ. ಕೋರ್ಟು ಇದನ್ನು ಸಾಕ್ಷ್ಯ ಅನ್ನದಿರಬಹುದು. ಕೋರ್ಟಿಗೆ ಬೇಕಾದ್ದನ್ನು ಕೊಡುವುದು ಕಲಿಯುತ್ತಲೇ ಇದನ್ನೂ ಉಳಿಸಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಅದಕ್ಕೆ ಈಗ ತಾಲೂಕಿನ ಹುಡುಗ ಹುಡುಗಿಯರ ಜೊತೆ ಕೂತಾಗ ಇಷ್ಟು ಹೇಳುತ್ತಿದ್ದೇವೆ. ಯಾರನ್ನಾದರೂ ಹೊಡೆಯುವುದು ಕಂಡು ವಿಡಿಯೋ ತೆಗೆದರೆ ತೆಗೆದ ಫೋನನ್ನೇ ಕಾಪಾಡ್ರಿ, ಮಾರಬ್ಯಾಡ್ರಿ. ವಾಟ್ಸಪ್ಪಿನಲ್ಲಿ ಹರಿದಾಡಿದ್ದು ಕುಗ್ಗಿರುತ್ತದೆ, ಅದರ ಹೆಬ್ಬಟ್ಟು ಬೇರೆಯಾಗಿರುತ್ತದೆ, ಮೂಲವನ್ನು ಮುಟ್ಟದೆ ಬ್ಯಾರೆ ಕಡೆ ಒಂದು ಪ್ರತಿ ಇಡ್ರಿ. ಫೋನು ಜಪ್ತಿ ಮಾಡಿದರೆ ಪಂಚನಾಮೆಯಲ್ಲಿ ಹ್ಯಾಶ್ ಬರೆಸಿ ಒಂದು ನಕಲು ಕೇಳ್ರಿ. ಅದೇ ರಾತ್ರಿ ಒಂದು ನೋಟುಬುಕ್ಕಿನಲ್ಲಿ ತಾರೀಖು, ಹೊತ್ತು, ಯಾವ ಓಣಿ, ಯಾರು ಯಾರು ನಿಂತಿದ್ದರು, ಯಾರು ಏನು ಅಂದರು ಎಲ್ಲ ಬರೀರಿ. ಓದು ಬಾರದವರ ಮಾತನ್ನು ಅವರ ಭಾಷೆಯಲ್ಲೇ, 'ಹೊಡದ್ರು' ಅಂದದ್ದನ್ನು 'ಹಲ್ಲೆ ಮಾಡಲಾಯಿತು' ಅಂತ ತಿದ್ದದೆ ಬರೀರಿ. ಬರೆದದ್ದನ್ನು ಅವರಿಗೆ ಓದಿ ಹೇಳ್ರಿ. ಕೆಳಗೆ ಅವರ ಹೆಸರು ಹಾಕಿ, ಸಹಿ ಬಂದರೆ ಸಹಿ, ಇಲ್ಲದಿದ್ದರೆ ಹೆಬ್ಬಟ್ಟು.